ರೇಸ್ ಕೊಟ್ಟಾಗ ನಡುಗುವ ಗಾಡಿ: ಕೃಷ್ಣಾ–ಘಟಪ್ರಭಾ ಸೀಮೆಯಲ್ಲಿ ಎಂಜಿನ್ ದೋಷ ಪತ್ತೆಯ ಬಗ್ಗೆ ಒಂದು ಟಿಪ್ಪಣಿ

ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ–ಮುಧೋಳ ರಸ್ತೆಗೆ ಇಳಿದ ಪ್ರತಿ ಕಾರಿಗೂ ಒಂದು ಪರೀಕ್ಷೆ ತಾನಾಗಿಯೇ ನಡೆಯುತ್ತದೆ. ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್, ಅದರ ಬೆನ್ನಿಗೆ ಮೂರನೇ ಗೇರಿನಲ್ಲಿ ತೆವಳುವ ಕಾರು. ಎದುರಿನ ರಸ್ತೆ ಖಾಲಿಯಾದೊಡನೆ ಚಾಲಕ ಗೇರು ಇಳಿಸದೆಯೇ ಎಕ್ಸಲೇಟರ್ ಒತ್ತುತ್ತಾನೆ. ಎಂಜಿನ್ನಿನ ಸುತ್ತು ಕಡಿಮೆ, ಮೇಲೆ ಬಿದ್ದ ಭಾರ ಹೆಚ್ಚು. ಒಳಗೆ ಅಡಗಿದ್ದ ದೋಷ ಹೊರಬೀಳುವುದು ಈ ಗಳಿಗೆಯಲ್ಲಿ. ನಿಂತಾಗ ಸುಮ್ಮನಿದ್ದ ಗಾಡಿ ಜಟಕಾ ಹೊಡೆಯುತ್ತದೆ, ಸ್ಟಿಯರಿಂಗು, ಸೀಟು ಎಲ್ಲ ನಡುಗುತ್ತವೆ, ಟ್ರ್ಯಾಕ್ಟರನ್ನು ದಾಟುವ ಮೊದಲೇ ಎಳೆತ ಸತ್ತುಹೋಗುತ್ತದೆ. ‘ರೇಸ್ ಕೊಟ್ಟರ ನಡಗತೈತಿ, ಬಿಟ್ಟರ ಸುಮ್ಮನಾಗತೈತಿ’ ಎಂಬ ದೂರಿನೊಂದಿಗೆ ಅದು ಗ್ಯಾರೇಜು ಸೇರುತ್ತದೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಈ ದೂರಿಗೆ ಸಿಗುವ ಉತ್ತರ ಎರಡು ಬಗೆಯದು. ಒಂದು, ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಿರುವುದೇ ಕಾರಣ ಎನ್ನುವುದು. ಇನ್ನೊಂದು, ಪ್ಲಗ್ ಬದಲಿಸಿ ನೋಡುವುದು, ಹೋಗದಿದ್ದರೆ ಕಾಯಿಲ್, ಅದಕ್ಕೂ ಹೋಗದಿದ್ದರೆ ಪೆಟ್ರೋಲ್ ಪಂಪು, ಕೊನೆಗೆ ಇಂಜೆಕ್ಟರ್. ಮೊದಲನೆಯದರಲ್ಲಿ ಪರೀಕ್ಷೆಯೇ ಇಲ್ಲ. ಎರಡನೆಯದರಲ್ಲಿ ಪ್ರತಿ ಪರೀಕ್ಷೆಗೂ ಮಾಲೀಕ ಒಂದು ಹೊಸ ಬಿಡಿಭಾಗದ ಬೆಲೆ ತೆರುತ್ತಾನೆ. ಈ ಟಿಪ್ಪಣಿಯ ವಾದ ಇಷ್ಟು: ಭಾರ ಬಿದ್ದಾಗ ಮಾತ್ರ ಕಾಣುವ ನಡುಕವನ್ನು ಭಾರ ಹೊರಿಸಿಯೇ ಪರೀಕ್ಷಿಸಬೇಕು. ಹಾಗೆ ಪರೀಕ್ಷಿಸಿದರೆ ಒಂದೂ ಭಾಗ ಕೊಳ್ಳುವ ಮೊದಲೇ ಶಂಕಿತರ ಪಟ್ಟಿ ಬಹಳ ಚಿಕ್ಕದಾಗುತ್ತದೆ. ಎಥನಾಲಿನ ಪಾಲೆಷ್ಟು ಎಂಬುದೂ ಆಗಲೇ ಗೊತ್ತಾಗುತ್ತದೆ.

ನಡುಕ ಎಲ್ಲಿಯದು

ಮೊದಲು ಕೇಳಬೇಕಾದ ಪ್ರಶ್ನೆ, ನಡುಗುತ್ತಿರುವುದು ಎಂಜಿನ್ನೋ ಅಥವಾ ಅದರಾಚೆಯ ಚಕ್ರ, ಶಾಫ್ಟುಗಳೋ ಎಂಬುದು. ಇದನ್ನು ತಿಳಿಯಲು ಯಾವ ಉಪಕರಣವೂ ಬೇಡ. ಒಂದೇ ವೇಗದಲ್ಲಿ ಎರಡು ಗೇರು ಸಾಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೊದಲು ಮೂರನೇ ಗೇರಿನಲ್ಲಿ, ಆಮೇಲೆ ನಾಲ್ಕನೇ ಗೇರಿನಲ್ಲಿ ಎಕ್ಸಲೇಟರ್ ಒತ್ತಿ ನೋಡಬೇಕು. ಗೇರು ಬದಲಾದಾಗ ನಡುಕದ ಲಯವೂ ಬದಲಾದರೆ ಅದು ಎಂಜಿನ್ನಿನದು, ಏಕೆಂದರೆ ಅದೇ ವೇಗದಲ್ಲಿ ಎಂಜಿನ್ನಿನ ಸುತ್ತು ಮಾತ್ರ ಬದಲಾಗಿದೆ. ಗೇರು ಬದಲಾದರೂ ಲಯ ಹಾಗೆಯೇ ಉಳಿದರೆ ಅದು ಚಕ್ರದ ಅಥವಾ ಡ್ರೈವ್ ಶಾಫ್ಟಿನದು. ಇಷ್ಟು ಸರಳವಾದ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಬಾನೆಟ್ ಎತ್ತುವುದು ನಮ್ಮಲ್ಲಿ ರೂಢಿಯಾಗಿರುವುದು ವಿಷಾದದ ಸಂಗತಿ.

ಲಯವನ್ನು ಲೆಕ್ಕದಿಂದಲೂ ಹಿಡಿಯಬಹುದು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 1,800 ಸುತ್ತು ತಿರುಗುತ್ತಿದೆ ಎನ್ನೋಣ, ಅಂದರೆ ಸೆಕೆಂಡಿಗೆ 30 ಸುತ್ತು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರು ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ನಾಲ್ಕೂ ಸರಿಯಾಗಿ ಉರಿದರೆ ಸೆಕೆಂಡಿಗೆ 60 ತಳ್ಳುಗಳು. ಅವು ಒಂದರ ಹಿಂದೊಂದು ಸಮನಾಗಿ ಬರುವುದರಿಂದ ಮೈಗೆ ನಡುಕವಾಗಿ ತಟ್ಟುವುದಿಲ್ಲ. ಒಂದು ಸಿಲಿಂಡರು ಸತ್ತರೆ ಅದರ ಸರದಿಯಲ್ಲಿ ತಳ್ಳಿನ ಬದಲು ಖಾಲಿ ಜಾಗ ಬರುತ್ತದೆ, ಸೆಕೆಂಡಿಗೆ 15 ಸಲ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಸಾಲಾಗಿ ಓಡುವ ವಿದ್ಯುತ್ ಮಗ್ಗಗಳ ಸದ್ದಿನ ನಡುವೆಯೂ ಒಂದು ಲಾಳಿ ಹಾದಿ ತಪ್ಪಿದ್ದನ್ನು ಅವರ ಕಿವಿ ಹಿಡಿಯುತ್ತದೆ. ಎಂಜಿನ್ನಿನ ‘ಮಿಸ್ಸಿಂಗ್’ ಸಹ ಅಂಥದ್ದೇ ಒಂದು ಖಾಲಿ ಹೊಡೆತ. ಸುತ್ತು 800ಕ್ಕೆ ಇಳಿದಾಗ ಈ ಹೊಡೆತ ಸೆಕೆಂಡಿಗೆ ಏಳರ ಸನಿಹಕ್ಕೆ ಬರುತ್ತದೆ. ಕುಳಿತ ಮನುಷ್ಯನ ದೇಹಕ್ಕೆ ಮೇಲೆ-ಕೆಳಗಿನ ಅಲುಗಾಟ ಅತಿ ಹೆಚ್ಚು ತಟ್ಟುವುದೂ ಸೆಕೆಂಡಿಗೆ ನಾಲ್ಕರಿಂದ ಎಂಟರ ಆಸುಪಾಸಿನಲ್ಲಿ.

ಚಕ್ರದ ಲೆಕ್ಕ ಬೇರೆ. 14 ಇಂಚಿನ ರಿಮ್ಮಿನ ಸಾಮಾನ್ಯ ಚಿಕ್ಕ ಕಾರಿನ ಟೈರಿನ ಸುತ್ತಳತೆ ಎರಡು ಮೀಟರಿಗೆ ತುಸು ಕಡಿಮೆ. 60 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಎಂಟೂವರೆ ಸುತ್ತು ತಿರುಗುತ್ತದೆ. ಬ್ಯಾಲನ್ಸ್ ತಪ್ಪಿದ ಟೈರು ಇದೇ ಲಯದಲ್ಲಿ ನಡುಗಿಸುತ್ತದೆ, ಮತ್ತು ಎಕ್ಸಲೇಟರ್ ಬಿಟ್ಟರೂ ನಡುಗಿಸುತ್ತಲೇ ಇರುತ್ತದೆ. ಆದರೆ ಮುಂದಿನ ಚಕ್ರಗಳಿಂದ ಓಡುವ ಕಾರುಗಳಲ್ಲಿ ಗೇರ್‌ಬಾಕ್ಸಿನ ಕಡೆಯ ಒಳ ಜಾಯಿಂಟ್ ಸಾಮಾನ್ಯವಾಗಿ ಮೂರು ರೋಲರುಗಳದು. ಅದು ಸವೆದರೆ ಶಾಫ್ಟಿನ ಪ್ರತಿ ಸುತ್ತಿಗೆ ಮೂರು ಸಲ ಅದುರುತ್ತದೆ, ಅದೂ ಎಳೆತ ಇರುವಾಗ ಮಾತ್ರ. ಎಂಜಿನ್ನಿನ ಮಿಸ್ಸಿಂಗನ್ನು ತುಂಬ ಹೋಲುವ ದೋಷವಿದು, ಎಕ್ಸಲೇಟರ್ ಬಿಟ್ಟೊಡನೆ ಇದೂ ಮಾಯವಾಗುತ್ತದೆ. ರಬ್ಬರಿನ ಬೂಟು ಹರಿದು ಗ್ರೀಸಿನೊಳಗೆ ಎರೆಮಣ್ಣು ಸೇರಿದ ಗಾಡಿಗಳಲ್ಲಿ, ಅದರಲ್ಲೂ ಹೊಲದ ದಾರಿಯಲ್ಲಿ ದಿನವೂ ಓಡಾಡುವವುಗಳಲ್ಲಿ, ಪ್ಲಗ್ಗಿಗೆ ಕೈ ಹಾಕುವ ಮೊದಲು ಕೆಳಗೆ ಬಗ್ಗಿ ನೋಡುವುದು ಒಳ್ಳೆಯದು. ಎರಡು ಗೇರಿನ ಪರೀಕ್ಷೆ ಇದನ್ನೂ ಬೇರ್ಪಡಿಸಿ ಕೊಡುತ್ತದೆ.

ಎಂಜಿನ್ ಫೌಂಡೇಶನ್ನಿನ ರಬ್ಬರು ಒಡೆದಿದ್ದರೆ ನಡುಕ ಹುಟ್ಟುವುದಿಲ್ಲ, ಇರುವ ನಡುಕ ಕಾರಿನ ಮೈಗೆ ತಡೆಯಿಲ್ಲದೆ ದಾಟುತ್ತದೆ. ಗಾಡಿ ಎತ್ತುವಾಗ, ಬಿಡುವಾಗ ‘ಧಡ್’ ಎಂಬ ಒಂದು ಏಟು ಅದರ ಗುರುತು. ಕ್ಲಚ್ಚಿನ ಅದುರು ನಿಂತ ಗಾಡಿ ಹೊರಡುವಾಗ ಮಾತ್ರ ಬರುತ್ತದೆ, ಓಡುವ ಗಾಡಿಯಲ್ಲಿ ಕ್ಲಚ್ ಪೂರ್ತಿ ಬಿಟ್ಟ ಮೇಲೆ ಇರುವುದಿಲ್ಲ.

ಭಾರವೂ ಕಿಡಿಯೂ

ನಡುಕ ಎಂಜಿನ್ನಿನದೇ ಎಂದು ಖಚಿತವಾದ ಪೆಟ್ರೋಲ್ ಗಾಡಿಯಲ್ಲಿ ಮೊದಲ ಶಂಕೆ ಕಿಡಿಯ ಮೇಲೆ ಹೋಗಬೇಕು. ಇದಕ್ಕೆ ಭೌತಶಾಸ್ತ್ರದ ಗಟ್ಟಿ ಕಾರಣವಿದೆ. ಈ ಕಾರಣ ತಿಳಿಯದಿರುವುದರಿಂದಲೇ ‘ನಿಂತಾಗ ಎಂಜಿನ್ ಚೆನ್ನಾಗೈತಿ, ಪ್ಲಗ್ ಸರಿ ಐತಿ’ ಎಂಬ ತೀರ್ಪು ಇಷ್ಟು ಸಲ ಕೇಳಿಬರುತ್ತದೆ.

ಎಂಜಿನ್ ನಿಂತಲ್ಲೇ ಓಡುವಾಗ ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ. ಇಂಟೇಕ್ ಮ್ಯಾನಿಫೋಲ್ಡಿನ ಒತ್ತಡ ಆಗ ಸುಮಾರು 30ರಿಂದ 40 ಕಿಲೊಪಾಸ್ಕಲ್. ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದ ಈ ಸೀಮೆಯಲ್ಲಿ ಹೊರಗಿನ ಗಾಳಿಯ ಒತ್ತಡ 95 ಕಿಲೊಪಾಸ್ಕಲಿನ ಆಸುಪಾಸು. ಎಕ್ಸಲೇಟರ್ ಪೂರ್ತಿ ಒತ್ತಿದಾಗ ಮ್ಯಾನಿಫೋಲ್ಡಿನ ಒತ್ತಡ ಈ ಅಂಕಿಯ ಹತ್ತಿರಕ್ಕೆ ಏರುತ್ತದೆ. ಸಿಲಿಂಡರಿನೊಳಗೆ ಎರಡೂವರೆಯಿಂದ ಮೂರು ಪಟ್ಟು ಗಾಳಿ ತುಂಬುತ್ತದೆ. ಪಿಸ್ಟನ್ ಅದನ್ನು ಒತ್ತಿದಾಗ ಪ್ಲಗ್ಗಿನ ಎರಡು ತುದಿಗಳ ನಡುವಿನ ಅನಿಲವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು ದಟ್ಟವಾಗುತ್ತದೆ.

ಜರ್ಮನಿಯ ಭೌತವಿಜ್ಞಾನಿ ಫ್ರೀಡ್ರಿಷ್ ಪಾಶೆನ್ 1889ರಲ್ಲಿ ತೋರಿಸಿದ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಅನಿಲದ ಮೂಲಕ ಕಿಡಿ ಹಾರಲು ಬೇಕಾದ ವೋಲ್ಟೇಜು ಅನಿಲದ ಒತ್ತಡ ಮತ್ತು ತುದಿಗಳ ಅಂತರ ಇವೆರಡರ ಗುಣಲಬ್ಧವನ್ನು ಅವಲಂಬಿಸುತ್ತದೆ. ಗುಣಲಬ್ಧ ಎಂಬುದನ್ನು ಗಮನಿಸಬೇಕು. 0.8 ಮಿ.ಮೀ. ಅಂತರದ ಪ್ಲಗ್ ಸವೆದು 1.2 ಮಿ.ಮೀ. ಆದರೆ ಅಂತರ ಒಂದೂವರೆ ಪಟ್ಟಾಯಿತು. ನಿಂತ ಎಂಜಿನ್ನಿನಲ್ಲಿ ಕಾಯಿಲ್ ಅದನ್ನು ಸಲೀಸಾಗಿ ತುಂಬಿಕೊಡುತ್ತದೆ. ಎಕ್ಸಲೇಟರ್ ಒತ್ತಿದಾಗ ಒತ್ತಡ ಎರಡೂವರೆ ಪಟ್ಟಾಗಿ, ಗುಣಲಬ್ಧ ಹೊಸ ಪ್ಲಗ್ಗಿನ ನಿಂತ ಸ್ಥಿತಿಗಿಂತ ನಾಲ್ಕು ಪಟ್ಟಿನ ಹತ್ತಿರಕ್ಕೆ ಹೋಗುತ್ತದೆ. ಸಾಮಾನ್ಯ ಒತ್ತಡದ ಗಾಳಿಯಲ್ಲಿ ಒಂದು ಮಿ.ಮೀ. ದಾಟಲು ಸುಮಾರು 3,000 ವೋಲ್ಟ್ ಸಾಕು. ಭಾರ ಹೊತ್ತ ಸಿಲಿಂಡರಿನಲ್ಲಿ ಸವೆದ ಪ್ಲಗ್ಗಿಗೆ 20,000 ವೋಲ್ಟಿಗೂ ಮೀರಿ ಬೇಕಾಗಬಹುದು. ಕಾಯಿಲಿನ ಒಳಗಿನ ಇನ್ಸುಲೇಷನ್ ಎಲ್ಲೋ ಬಿರುಕು ಬಿಟ್ಟಿದ್ದರೆ, ಪ್ಲಗ್ಗಿನ ಪಿಂಗಾಣಿಯ ಮೇಲೆ ಇಂಗಾಲದ ಗೆರೆ ಬಿದ್ದಿದ್ದರೆ, ಕಾಯಿಲಿನ ರಬ್ಬರ್ ಬೂಟು ಗಟ್ಟಿಯಾಗಿ ಸೀಳಿದ್ದರೆ, ವಿದ್ಯುತ್ತು ಆ ದಟ್ಟ ಅನಿಲವನ್ನು ದಾಟುವ ಬದಲು ಸುಲಭದ ದಾರಿ ಹಿಡಿದು ಎಂಜಿನ್ನಿನ ಲೋಹಕ್ಕೆ ಸೋರಿಹೋಗುತ್ತದೆ. ಸಿಲಿಂಡರು ಖಾಲಿ ಹೊಡೆಯುತ್ತದೆ.

ಪ್ಲಗ್ಗನ್ನು ಬಿಚ್ಚಿ ಎಂಜಿನ್ನಿನ ಮೇಲಿಟ್ಟು ಸೆಲ್ಫ್ ಹೊಡೆದು ‘ಕಿಡಿ ಬರತೈತಿ’ ಎಂದು ತೋರಿಸುವ ಹಳೆಯ ಪದ್ಧತಿ ಈ ದೋಷವನ್ನು ಹಿಡಿಯಲಾರದು ಎಂಬುದು ಇದರಿಂದ ಸ್ಪಷ್ಟ. ತೆರೆದ ಗಾಳಿಯಲ್ಲಿ ಹಾರಿದ ಕಿಡಿ ಒತ್ತಿದ ಗಾಳಿಯಲ್ಲಿ ಹಾರುತ್ತದೆ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಪೆಟ್ರೋಲಿನ ಆವಿ ಇರುವ ಕಡೆ ಆ ಪದ್ಧತಿ ಅಪಾಯಕಾರಿಯೂ ಹೌದು. ಗ್ಯಾಸ್ ಕಿಟ್ಟಿನ ಗಾಡಿಗಳಲ್ಲಿ ಇನ್ನೊಂದು ಸುಳಿವು ಸಿಗುತ್ತದೆ. ಸಿಎನ್‌ಜಿ, ಎಲ್‌ಪಿಜಿಯಲ್ಲಿ ಕಿಡಿಗೆ ಬೇಕಾದ ವೋಲ್ಟೇಜು ಪೆಟ್ರೋಲಿಗಿಂತ ಹೆಚ್ಚು. ಪೆಟ್ರೋಲಿನಲ್ಲಿ ಸುಮ್ಮನಿದ್ದು ಗ್ಯಾಸಿಗೆ ಹಾಕಿದೊಡನೆ ನಡುಗುವ ಗಾಡಿಯಲ್ಲಿ ಪ್ಲಗ್, ಕಾಯಿಲುಗಳನ್ನೇ ಮೊದಲು ನೋಡಬೇಕು.

ಪ್ರತಿ ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್ ಇರುವ ಕಾರುಗಳಲ್ಲಿ ಪತ್ತೆಗೆ ಅದಲು-ಬದಲಿಗಿಂತ ಒಳ್ಳೆಯ ಪರೀಕ್ಷೆಯಿಲ್ಲ. ಸ್ಕ್ಯಾನರ್ ಹಚ್ಚಿದಾಗ ಪಿ0302 ಎಂಬ ಸಂಕೇತ ಬಂದಿದೆ ಎನ್ನೋಣ. ಎರಡನೇ ಸಿಲಿಂಡರು ಮಿಸ್ ಆಗುತ್ತಿದೆ ಎಂದು ಅದರ ಅರ್ಥ. ಎರಡನೆಯದರ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದನ್ನು ಎರಡನೆಯದಕ್ಕೂ ಹಾಕಿ, ಮತ್ತೆ ಅದೇ ಭಾರದಲ್ಲಿ ಓಡಿಸಬೇಕು. ಸಂಕೇತ ಪಿ0303 ಆಗಿ ಬದಲಾದರೆ ದೋಷ ಕಾಯಿಲಿನ ಜೊತೆ ಹೋಯಿತು, ಕಾಯಿಲ್ ಕೆಟ್ಟಿದೆ. ಬದಲಾಗದಿದ್ದರೆ ಪ್ಲಗ್ಗನ್ನು, ಆಮೇಲೆ ಇಂಜೆಕ್ಟರನ್ನು ಇದೇ ರೀತಿ ಅದಲು-ಬದಲು ಮಾಡಬೇಕು. ಮೂರೂ ಸಲ ದೋಷ ಎರಡನೇ ಸಿಲಿಂಡರಿನಲ್ಲೇ ಉಳಿದರೆ ವೈರಿಂಗು ಅಥವಾ ವಾಲ್ವು, ಕಂಪ್ರೆಷನ್ನಿನ ಕಡೆ ನೋಡಬೇಕು. ಕಬ್ಬಿನ ಹೊಲಕ್ಕೆ ಹೊಂದಿಕೊಂಡ ಮನೆಗಳ ಗಾಡಿಗಳಲ್ಲಿ ಇಲಿ ಕಡಿದ ಇಂಜೆಕ್ಟರ್ ವೈರನ್ನು ಕಣ್ಣಿಂದಲೇ ಹುಡುಕುವುದು ಈ ಹಂತದ ಮೊದಲ ಕೆಲಸ. ಒಂದೂ ರೂಪಾಯಿಯ ಬಿಡಿಭಾಗ ಕೊಳ್ಳದೆ ಇಲ್ಲಿಯವರೆಗೆ ಬರಬಹುದು.

ಸಂಕೇತ ಬಾರದಿದ್ದರೆ? ಅದರಿಂದ ಎಂಜಿನ್ ನಿರ್ದೋಷಿ ಎಂದಾಗುವುದಿಲ್ಲ. ಭಾರತದಲ್ಲಿ ಮಿಸ್ಸಿಂಗನ್ನೂ ಗಮನಿಸುವ ಒಬಿಡಿ-2 ವ್ಯವಸ್ಥೆ ಕಾರುಗಳಿಗೆ ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ಗಾಡಿಗಳಿಂದ ಈ ಸಾಕ್ಷ್ಯವನ್ನು ನಿರೀಕ್ಷಿಸಲಾಗದು. ಹೊಸ ಗಾಡಿಗಳಲ್ಲೂ ಕಂಪ್ಯೂಟರು ಮಿಸ್ಸಿಂಗನ್ನು ನೇರವಾಗಿ ಕಾಣುವುದಿಲ್ಲ. ಕ್ರ್ಯಾಂಕ್ ಶಾಫ್ಟಿಗೆ ಕೂಡಿಸಿದ ಹಲ್ಲಿನ ಚಕ್ರದ ವೇಗ ಕ್ಷಣಕ್ಷಣಕ್ಕೂ ಎಷ್ಟು ಏರಿಳಿಯುತ್ತದೆ ಎಂಬುದರಿಂದ ಊಹಿಸುತ್ತದೆ. ತಗ್ಗು-ದಿನ್ನೆಯ ರಸ್ತೆಯಲ್ಲಿ ಚಕ್ರಗಳ ಏಟು ಶಾಫ್ಟಿನ ಮೂಲಕ ಕ್ರ್ಯಾಂಕಿಗೂ ತಲುಪುವುದರಿಂದ, ಒರಟು ರಸ್ತೆ ಎಂದು ಕಂಡಾಗ ಹಲವು ಕಂಪ್ಯೂಟರುಗಳು ಈ ಎಣಿಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತವೆ. ಹಂಗಾಮಿನಲ್ಲಿ ಕಬ್ಬಿನ ಭಾರಕ್ಕೆ ಕಿತ್ತುಹೋದ ರಸ್ತೆಗಳಲ್ಲಿ ಓಡಿಸಿ ಸಂಕೇತ ಬರಲಿಲ್ಲ ಎನ್ನುವುದಕ್ಕಿಂತ, ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಅದೇ ಭಾರ ಕೊಟ್ಟು ನೋಡುವುದು ಲೇಸು.

ಎಂಜಿನ್ ದೀಪ ಮಿಣುಕುತ್ತಿದ್ದರೆ ಮಾತ್ರ ಪರೀಕ್ಷೆಯನ್ನು ಮುಂದುವರಿಸಬಾರದು. ಉರಿಯದ ಪೆಟ್ರೋಲು ಸೈಲೆನ್ಸರಿನ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯತೊಡಗಿ, ಅದರ ಪಿಂಗಾಣಿ ಜಾಲ ಕರಗುವಷ್ಟು ಕಾಯಬಹುದು. ಕರಗಿದ ಜಾಲ ಹೊಗೆಯ ದಾರಿಯನ್ನೇ ಮುಚ್ಚಿದರೆ ಒಂದು ಕಾಯಿಲಿನ ದೋಷ ಎರಡು ದೊಡ್ಡ ಖರ್ಚುಗಳಾಗುತ್ತದೆ.

ಎಥನಾಲಿನ ಮೇಲಿನ ಆರೋಪ

ಈ ಆರೋಪವನ್ನು ಇಲ್ಲಿ ಹಗುರವಾಗಿ ತಳ್ಳಿಹಾಕುವಂತಿಲ್ಲ, ಹಗುರವಾಗಿ ಒಪ್ಪುವಂತೆಯೂ ಇಲ್ಲ. ಏಕೆಂದರೆ ಈ ಸೀಮೆಯ ಬದುಕೇ ಅದರೊಂದಿಗೆ ಹೆಣೆದುಕೊಂಡಿದೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಮತ್ತು ಶ್ರಮ ಕೂಡಿಸಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ನೀರು ನಿಂತಿತು, ಕಬ್ಬು ಹಬ್ಬಿತು. ಇಂದು ಹಿರೇಪಡಸಲಗಿ, ಸಿದ್ದಾಪುರ, ಬಾಡಗಂಡಿ, ಮುಧೋಳ, ಸಮೀರವಾಡಿ ಎಂದು ಕಾರ್ಖಾನೆಗಳ ಹೆಸರು ಹೇಳುತ್ತ ಹೋದರೆ ನಾಲ್ಕೂ ತಾಲೂಕಿನ ನಕ್ಷೆಯೇ ಕಣ್ಣೆದುರಿಗೆ ಬರುತ್ತದೆ. ಮುಧೋಳದ ನಿರಾಣಿ ಶುಗರ್ಸ್, ಸಮೀರವಾಡಿಯ ಗೋದಾವರಿ ಬಯೋರಿಫೈನರೀಸ್ ಎಥನಾಲ್ ತಯಾರಿಸುತ್ತವೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು ಕಬ್ಬಿನ ಹಾಲಿನಿಂದಲೇ ನೇರವಾಗಿ ಎಥನಾಲ್ ತೆಗೆಯಲು ದಾರಿ ತೆರೆಯಿತು. ದೇಶದ ಸರಾಸರಿ ಬೆರಕೆ 2022ರಲ್ಲಿ ಶೇ 10 ತಲುಪಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇ 20 ಎಥನಾಲ್ ಇರುವ ಇ20 ಪೆಟ್ರೋಲ್ ಬಿಡುಗಡೆಯಾಯಿತು, 2025ರ ಹೊತ್ತಿಗೆ ಶೇ 20 ಎಲ್ಲೆಡೆಯ ಮಾತಾಯಿತು. ಒಂದು ಟನ್ ಕಬ್ಬಿನ ಹಾಲಿನಿಂದ ಸುಮಾರು 70 ಲೀಟರ್ ಎಥನಾಲ್ ಬರುತ್ತದೆ. 35 ಲೀಟರಿನ ಟ್ಯಾಂಕ್ ತುಂಬಿಸಿದವನು ಏಳು ಲೀಟರ್ ಎಥನಾಲನ್ನು, ಅಂದರೆ ಸುಮಾರು ಒಂದು ಕ್ವಿಂಟಲ್ ಕಬ್ಬನ್ನು ಗಾಡಿಗೆ ಹಾಕಿಸಿಕೊಂಡಂತೆ. ಕಬ್ಬಿನ ಬಿಲ್ಲಿನಿಂದ ಕಾರು ಕೊಂಡ ರೈತ ಆ ಕಾರಿನ ನಡುಕಕ್ಕೆ ಕಬ್ಬನ್ನೇ ದೂರುವಂತಾದರೆ, ಆ ದೂರು ನಿಜವೋ ಅಲ್ಲವೋ ಎಂದು ಲೆಕ್ಕ ಹಾಕಿ ನೋಡುವ ಹೊಣೆ ನಮ್ಮ ಮೇಲಿದೆ.

ಲೆಕ್ಕ ಹೀಗಿದೆ. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು, ಒಂದು ಕಿಲೊ ಎಥನಾಲಿಗೆ ಸುಮಾರು 9 ಸಾಕು. ಎಥನಾಲಿನ ಅಣುವಿನಲ್ಲಿಯೇ ತೂಕದ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಆಮ್ಲಜನಕ ಇರುವುದೇ ಇದಕ್ಕೆ ಕಾರಣ. ಇ20ಕ್ಕೆ ಈ ಅಂಕಿ ಸುಮಾರು 13.5ಕ್ಕೆ ಇಳಿಯುತ್ತದೆ. ಅಷ್ಟೇ ಗಾಳಿಗೆ ಇಂಜೆಕ್ಟರ್, ಲೀಟರಿನ ಲೆಕ್ಕದಲ್ಲಿ, ಶುದ್ಧ ಪೆಟ್ರೋಲಿಗಿಂತ ಶೇ 7ರಿಂದ 8ರಷ್ಟು ಹೆಚ್ಚು ಇಂಧನ ಬಿಡಬೇಕು. ಇ10ಕ್ಕೆ ಹೋಲಿಸಿದರೆ ಅದರ ಅರ್ಧ. ಕಂಪ್ಯೂಟರ್ ಇರುವ ಎಂಜಿನ್ನು ಆಕ್ಸಿಜನ್ ಸೆನ್ಸರಿನ ಮಾತು ಕೇಳಿ ಇಂಧನವನ್ನು ಶೇ 20ರ ಆಸುಪಾಸಿನವರೆಗೂ ಹೆಚ್ಚು-ಕಡಿಮೆ ಮಾಡಿಕೊಳ್ಳಬಲ್ಲದು. ಹಾಗಾಗಿ ಆರೋಗ್ಯವಾಗಿರುವ ಎಂಜಿನ್ನಿನಲ್ಲಿ ಬೆರಕೆಯೊಂದೇ ನಡುಕ ತರಲು ಸಾಲದು. ಮೈಲೇಜು ಮಾತ್ರ ಖಂಡಿತ ಕಡಿಮೆಯಾಗುತ್ತದೆ. ಒಂದು ಲೀಟರ್ ಎಥನಾಲಿನ ಶಕ್ತಿ ಪೆಟ್ರೋಲಿನ ಮೂರನೇ ಎರಡು ಪಾಲಿನಷ್ಟೇ. ಹಳೆಯ ಪೆಟ್ರೋಲಿಗೆಂದು ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20ರಿಂದ ಶೇ 6–7ರಷ್ಟು ಮೈಲೇಜು ಇಳಿಯಬಹುದು ಎಂದು ನೀತಿ ಆಯೋಗದ 2021ರ ಮಾರ್ಗಸೂಚಿಯೇ ಅಂದಾಜಿಸಿತ್ತು.

ಆದರೆ ‘ಆರೋಗ್ಯವಾಗಿರುವ’ ಎಂಬ ಷರತ್ತಿನಲ್ಲಿ ಬಹಳಷ್ಟು ಅಡಗಿದೆ. ಪಂಪು ಸೊರಗಿ, ಫಿಲ್ಟರು ಅರ್ಧ ಕಟ್ಟಿಕೊಂಡು, ಪೂರ್ತಿ ಎಕ್ಸಲೇಟರಿಗೆ ಬೇಕಾದಷ್ಟೇ ಇಂಧನವನ್ನು ಕಷ್ಟಪಟ್ಟು ಒದಗಿಸುತ್ತಿದ್ದ ಗಾಡಿಗೆ ಇನ್ನು ಕೆಲವು ಶೇಕಡಾ ಹೆಚ್ಚಿನ ಬೇಡಿಕೆ ಬಂದರೆ ಅದು ಗೆರೆ ದಾಟಿ ಬೀಳುತ್ತದೆ. ಜೊತೆಗೆ ಎಥನಾಲ್ ಒಳ್ಳೆಯ ದ್ರಾವಕ. ಹಳೆಯ ಟ್ಯಾಂಕಿನ ಗೋಡೆಗೆ ಅಂಟಿದ್ದ ಗಸಿಯನ್ನು ಎಬ್ಬಿಸಿ ಫಿಲ್ಟರಿಗೆ ತರುತ್ತದೆ. ಕಾರ್ಬುರೇಟರಿನ ಹಳೆಯ ಗಾಡಿಗಳದು ಇನ್ನೂ ನೇರವಾದ ಕಥೆ. ಜೆಟ್ಟಿನ ತೂತು ತಾನಾಗಿ ಹಿಗ್ಗುವುದಿಲ್ಲ, ಮಿಶ್ರಣ ತೆಳುವಾಗಿಯೇ ಉಳಿಯುತ್ತದೆ, ರೇಸ್ ಕೊಟ್ಟ ಕ್ಷಣ ಎಂಜಿನ್ ತಡವರಿಸುತ್ತದೆ. 2023ರ ಏಪ್ರಿಲ್‌ಗಿಂತ ಮೊದಲಿನ ಗಾಡಿಯವರು ಕೈಪಿಡಿಯಲ್ಲಿ ಇ10 ಎಂದಿದೆಯೋ ಇ20 ಎಂದಿದೆಯೋ ನೋಡಿಕೊಳ್ಳುವುದು ಸೂಕ್ತ. ಅಲ್ಲಿ ನಡುಕಕ್ಕಿಂತ ರಬ್ಬರ್ ಪೈಪು, ಸೀಲುಗಳ ಪ್ರಶ್ನೆ ದೊಡ್ಡದು.

ಹೀಗಾಗಿ ನನ್ನ ತೀರ್ಮಾನವೇನೆಂದರೆ, ಇಂಜೆಕ್ಷನ್ ಎಂಜಿನ್ನುಗಳಲ್ಲಿ ಎಥನಾಲ್ ಈಗಾಗಲೇ ಇದ್ದ ದೋಷವನ್ನು ಬೇಗ ಹೊರಗೆಡಹಬಹುದು, ದೋಷವನ್ನು ತಾನೇ ಹುಟ್ಟಿಸುವುದು ವಿರಳ. ಇದಕ್ಕೆ ನೀರು ಒಂದು ದೊಡ್ಡ ಅಪವಾದ. ಪೆಟ್ರೋಲಿಗೆ ಬೆರೆಸುವ ಎಥನಾಲಿನಿಂದ ನೀರನ್ನು ಬಹುತೇಕ ಪೂರ್ತಿ ತೆಗೆದಿರುತ್ತಾರೆ. ಬರೀ ಭಟ್ಟಿ ಇಳಿಸಿದರೆ ಶೇ 95–96ರ ಶುದ್ಧಿಗೆ ನಿಲ್ಲುವುದರಿಂದ, ಉಳಿದ ನೀರನ್ನು ಬೇರೆ ಘಟಕದಲ್ಲಿ ಹೀರಿ ತೆಗೆಯಬೇಕಾಗುತ್ತದೆ. ಹಾಗೆ ಒಣಗಿಸಿದ್ದಕ್ಕೆ ಟ್ಯಾಂಕಿನಲ್ಲಿ ನೀರು ಸೇರಿದರೆ ಎಥನಾಲ್ ಅದನ್ನು ಒಂದು ಮಿತಿಯವರೆಗೆ ಕರಗಿಸಿಕೊಳ್ಳುತ್ತದೆ. ಇ10ಕ್ಕೆ ಈ ಮಿತಿ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಶೇ 0.5, ಇ20ಕ್ಕೆ ಅದಕ್ಕಿಂತ ಹೆಚ್ಚು. ಮಿತಿ ಮೀರಿದೊಡನೆ ನೀರೂ ಎಥನಾಲೂ ಕೂಡಿ ಬೇರೆ ಪದರವಾಗಿ ತಳಕ್ಕೆ ಇಳಿಯುತ್ತವೆ. ಪಂಪು ಹೀರುವುದು ಆ ತಳದಿಂದಲೇ. ಮುಚ್ಚಿದ ಟ್ಯಾಂಕು ಗಾಳಿಯ ತೇವದಿಂದ ಇಷ್ಟು ನೀರು ಹೀರಿಕೊಳ್ಳಲು ಬಹುಕಾಲ ಬೇಕು. ಮುಚ್ಚಳದ ರಬ್ಬರು ಹೋದ ಗಾಡಿ, ಮಳೆಯಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿ, 2019ರ ಆಗಸ್ಟಿನಂತೆ ಘಟಪ್ರಭೆ ಉಕ್ಕಿ ಬಂದಾಗ ನೀರಲ್ಲಿ ಮುಳುಗಿದ ಗಾಡಿ, ಇವುಗಳಲ್ಲಿ ಮಾತ್ರ ಇದು ಗಂಭೀರ ಶಂಕೆ.

ಪರೀಕ್ಷೆ ಸುಲಭ. ಬೆಂಕಿ, ಬೀಡಿ, ವಿದ್ಯುತ್ ಸ್ವಿಚ್ಚುಗಳಿಂದ ದೂರ, ಬಯಲಿನಲ್ಲಿ, ಟ್ಯಾಂಕಿನ ತಳದ ಇಂಧನವನ್ನು ಗಾಜಿನ ಬಾಟಲಿಗೆ ತೆಗೆದು ಅಲುಗಾಡದಂತೆ ಇಡಬೇಕು. ಎರಡು ಪದರ ಕಂಡರೆ ಟ್ಯಾಂಕಿನಲ್ಲಿ ನೀರಿದೆ. ಬೆರಕೆ ಎಷ್ಟೆಂದು ತಿಳಿಯಬೇಕಾದರೆ ಅಳತೆಗೆರೆಯ ಜಾಡಿಯಲ್ಲಿ 90 ಮಿ.ಲೀ. ಪೆಟ್ರೋಲಿಗೆ 10 ಮಿ.ಲೀ. ನೀರು ಹಾಕಿ ಕುಲುಕಿ ಬಿಡಬೇಕು. ಎಥನಾಲ್ ನೀರಿನ ಪಾಲಾಗಿ ಕೆಳಗಿಳಿಯುತ್ತದೆ. ಶೇ 20ರ ಬೆರಕೆಯಲ್ಲಿ 18 ಮಿ.ಲೀ. ಎಥನಾಲ್ ಇರುವುದರಿಂದ ಕೆಳಪದರ 28 ಮಿ.ಲೀ. ಸನಿಹಕ್ಕೆ ಏರಬೇಕು. ಇದು ಒರಟು ಅಳತೆ, ಆದರೆ ಬಾಯಿಮಾತಿನ ಅನುಮಾನಕ್ಕಿಂತ ಎಷ್ಟೋ ಮೇಲು.

ಇಂಧನದ ಕೊರತೆಯೋ ಗಾಳಿಯ ಸೋರಿಕೆಯೋ ಎಂಬುದನ್ನು, ಕಂಪ್ಯೂಟರು ಇಂಧನವನ್ನು ಎಷ್ಟು ಹೆಚ್ಚು-ಕಡಿಮೆ ಮಾಡಿಕೊಂಡಿದೆ ಎಂದು ತೋರುವ ಸ್ಕ್ಯಾನರಿನ ‘ಫ್ಯುಯೆಲ್ ಟ್ರಿಮ್’ ಅಂಕಿ ಹೇಳುತ್ತದೆ, ಅದನ್ನು ಎರಡು ಸ್ಥಿತಿಯಲ್ಲಿ ಓದಿದರೆ ಮಾತ್ರ. ನಿಂತಾಗ ಹೆಚ್ಚಿದ್ದು ಭಾರದಲ್ಲಿ ಸರಿಹೋದರೆ ಎಲ್ಲೋ ವ್ಯಾಕ್ಯೂಮ್ ಪೈಪು ಸೀಳಿದೆ. ನಿಂತಾಗ ಸರಿಯಿದ್ದು ಭಾರದಲ್ಲಿ ಏರಿದರೆ ಪಂಪು, ಫಿಲ್ಟರು, ಅಥವಾ ಗಾಳಿ ಅಳೆಯುವ ಸೆನ್ಸರು. ಆಗ ಪೆಟ್ರೋಲಿನ ಒತ್ತಡವನ್ನು ಗೇಜು ಹಚ್ಚಿ ಓಡುವಾಗಲೇ ನೋಡಬೇಕು. ಒಂದು ಎಚ್ಚರಿಕೆ: ಕಿಡಿ ತಪ್ಪಿದ ಸಿಲಿಂಡರಿನಿಂದ ಉರಿಯದ ಆಮ್ಲಜನಕ ಹೊರಬಂದು ಸೆನ್ಸರಿಗೆ ‘ಇಂಧನ ಕಡಿಮೆ’ ಎಂಬ ಸುಳ್ಳು ಸುದ್ದಿ ಕೊಡುತ್ತದೆ. ಆಗ ಏರಿದ ಟ್ರಿಮ್ ಮಿಸ್ಸಿಂಗಿನ ಪರಿಣಾಮವೇ ಹೊರತು ಕಾರಣವಲ್ಲ. ಕಿಡಿಯ ಪರೀಕ್ಷೆ ಮುಗಿಯುವ ಮೊದಲು ಟ್ರಿಮ್ ನೋಡಿ ಪಂಪು ಬದಲಿಸಬಾರದು ಎನ್ನುವುದು ಇದಕ್ಕೇ. ಏರ್ ಫಿಲ್ಟರಿನಲ್ಲಿ ತುಂಬಿದ ಎರೆಮಣ್ಣಿನ ಧೂಳು, ಹತ್ತಿಯ ನವಿರು ಎಳೆ ಎಳೆತವನ್ನು ತಗ್ಗಿಸುತ್ತವೆ, ಆದರೆ ಇಂಜೆಕ್ಷನ್ ಎಂಜಿನ್ನನ್ನು ನಡುಗಿಸುವುದು ಕಡಿಮೆ.

ಡೀಸೆಲ್ ಗಾಡಿ

ಡೀಸೆಲ್ ಕಾರಿನ ನಡುಕಕ್ಕೂ ಎಥನಾಲನ್ನು ಹೆಸರಿಸುವವರಿದ್ದಾರೆ. ಎಥನಾಲ್ ಬೆರೆಯುವುದು ಪೆಟ್ರೋಲಿಗೆ. ಡೀಸೆಲ್ ಗಾಡಿಯಲ್ಲಿ ಭಾರಕ್ಕೆ ಎಳೆತ ಸತ್ತರೆ ಮೊದಲು ಫಿಲ್ಟರು ಮತ್ತು ಅದರ ತಳದಲ್ಲಿ ನಿಂತ ನೀರನ್ನು, ಆಮೇಲೆ ಇಂಜೆಕ್ಟರುಗಳನ್ನು ನೋಡಬೇಕು.

ಇಲ್ಲಿ ಹೇಳಲೇಬೇಕಾದ ಮಾತೊಂದಿದೆ. ಈ ಸೀಮೆಯ ಹಲವು ಮಿಸ್ತ್ರಿಗಳು ಟ್ರ್ಯಾಕ್ಟರ್ ಎಂಜಿನ್ನಿನ ಮೇಲೆ ಕೈ ಪಳಗಿಸಿದವರು. ಹಳೆಯ ಟ್ರ್ಯಾಕ್ಟರಿನಲ್ಲಿ ಯಾವ ಸಿಲಿಂಡರು ಮಿಸ್ ಆಗುತ್ತಿದೆ ಎಂದು ತಿಳಿಯಲು, ಓಡುತ್ತಿರುವ ಎಂಜಿನ್ನಿನ ನೋಜಲ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಸದ್ದು ಕೇಳುವ ಜಾಣ ವಿಧಾನವಿದೆ. ಅದೇ ಕೈ ಕಾಮನ್ ರೈಲ್ ಕಾರಿನ ಪೈಪಿಗೆ ಹೋಗಬಾರದು. ಅಲ್ಲಿ ಡೀಸೆಲಿನ ಒತ್ತಡ 1,000 ಬಾರ್ ದಾಟುತ್ತದೆ, ಹಲವು ಎಂಜಿನ್ನುಗಳಲ್ಲಿ 1,600 ಬಾರ್ ಮುಟ್ಟುತ್ತದೆ. ಸಡಿಲಾದ ನಟ್ಟಿನಿಂದ ಚಿಮ್ಮುವ ಕೂದಲೆಳೆಯಷ್ಟು ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲು ಅಷ್ಟಿರುವುದಿಲ್ಲ, ಆದರೆ ತಡಮಾಡಿದರೆ ಬೆರಳು, ಕೈ ಕಳೆದುಕೊಳ್ಳಬೇಕಾದೀತು. ಅಂಥ ಗಾಯವಾದವರು ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಒಳಹೊಕ್ಕಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಕಾಮನ್ ರೈಲ್ ಎಂಜಿನ್ನಿಗೆ ಸುರಕ್ಷಿತ ಪರೀಕ್ಷೆ ಬೇರೆಯಿದೆ. ಎಂಜಿನ್ ಬಂದ್ ಇರುವಾಗ ಪ್ರತಿ ಇಂಜೆಕ್ಟರಿನ ಕಡಿಮೆ ಒತ್ತಡದ ರಿಟರ್ನ್ ಪೈಪಿಗೆ ಒಂದೊಂದು ಅಳತೆಯ ಬಾಟಲಿ ಜೋಡಿಸಿ, ಆಮೇಲೆ ಎಂಜಿನ್ ಓಡಿಸಿ, ಯಾವುದರಲ್ಲಿ ಹೆಚ್ಚು ಡೀಸೆಲ್ ತುಂಬುತ್ತದೆ ಎಂದು ನೋಡುವುದು. ಉಳಿದವುಗಳಿಗಿಂತ ಬಹಳ ಮುಂದೆ ಹೋದ ಬಾಟಲಿಯ ಇಂಜೆಕ್ಟರ್ ಒಳಗೇ ಸೋರುತ್ತಿದೆ.

ದಾಖಲೆ

ದೋಷ ಪತ್ತೆಯಲ್ಲಿ ಅತಿ ಹೆಚ್ಚು ನಷ್ಟವಾಗುವುದು ಗ್ಯಾರೇಜಿನ ಮೊದಲ ನಿಮಿಷದಲ್ಲಿ. ಎಂಜಿನ್ ದೀಪ ಆರಿಸಲೆಂದು ಬ್ಯಾಟರಿಯ ತಂತಿ ಕಳಚುತ್ತಾರೆ, ಅಥವಾ ಸ್ಕ್ಯಾನರಿನಲ್ಲಿ ಸಂಕೇತವನ್ನು ಓದಿದೊಡನೆ ಅಳಿಸುತ್ತಾರೆ. ಸಂಕೇತ ದಾಖಲಾದ ಕ್ಷಣದಲ್ಲಿ ಎಂಜಿನ್ನಿನ ಸುತ್ತು ಎಷ್ಟಿತ್ತು, ಭಾರ ಎಷ್ಟಿತ್ತು, ಗಾಡಿಯ ವೇಗ, ನೀರಿನ ಬಿಸಿ, ಟ್ರಿಮ್ ಎಷ್ಟಿತ್ತು ಎಂಬುದನ್ನು ಕಂಪ್ಯೂಟರು ಅದರ ಜೊತೆಯಲ್ಲೇ ಹಿಡಿದಿಟ್ಟಿರುತ್ತದೆ. ಈ ‘ಫ್ರೀಜ್ ಫ್ರೇಮ್’ ಕೂಡ ಸಂಕೇತದೊಂದಿಗೇ ಅಳಿದುಹೋಗುತ್ತದೆ. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ನಡೆದದ್ದರ ಏಕೈಕ ಲಿಖಿತ ಸಾಕ್ಷ್ಯ ಅದು. ಅಳಿಸುವ ಮೊದಲು ಮೊಬೈಲಿನಲ್ಲಿ ಅದರ ಒಂದು ಚಿತ್ರ ತೆಗೆದುಕೊಂಡರೆ ಸಾಕು.

ಇದನ್ನೇ ಸ್ವಲ್ಪ ವಿಸ್ತರಿಸಿ, ಕೆಎ-48 ಮತ್ತು ಕೆಎ-29 ನೋಂದಣಿಯ ಗಾಡಿಗಳು ಬರುವ ಗ್ಯಾರೇಜುಗಳು ಪ್ರತಿ ನಡುಕದ ದೂರಿಗೂ ಒಂದು ಚೀಟಿ ಇಟ್ಟುಕೊಳ್ಳಬೇಕೆಂದು ಸೂಚಿಸುತ್ತೇನೆ. ಗಾಡಿಯ ತಯಾರಿಕೆಯ ವರ್ಷ, ಕೈಪಿಡಿ ಒಪ್ಪುವ ಬೆರಕೆ, ಪ್ಲಗ್ ಹಾಕಿ ಎಷ್ಟು ಕಿ.ಮೀ. ಆಯಿತು, ನಡುಕ ಬಂದ ಗೇರು ಮತ್ತು ವೇಗ, ಫ್ರೀಜ್ ಫ್ರೇಮಿನ ಅಂಕಿ, ಟ್ಯಾಂಕಿನ ಇಂಧನದ ಜಾಡಿ ಪರೀಕ್ಷೆಯ ಫಲ, ಮತ್ತು ಕೊನೆಗೆ ಏನು ಮಾಡಿದಾಗ ನಡುಕ ನಿಂತಿತು ಎಂಬುದು. ಒಂದು ಕಬ್ಬಿನ ಹಂಗಾಮು ಪೂರ್ತಿ ನಾಲ್ಕು ತಾಲೂಕುಗಳಿಂದ ಇಂಥ ಚೀಟಿಗಳು ಕೂಡಿದರೆ, ಇ10ಕ್ಕೆಂದು ತಯಾರಾದ ಹಳೆಯ ಗಾಡಿಗಳು ಇ20ಕ್ಕೆ ತಯಾರಾದವುಗಳಿಗಿಂತ ಭಾರದಲ್ಲಿ ಹೆಚ್ಚು ಮಿಸ್ ಹೊಡೆಯುತ್ತವೆಯೇ ಎಂಬ ಪ್ರಶ್ನೆಯನ್ನು ಪ್ಲಗ್ಗಿನ ವಯಸ್ಸಿನಿಂದ ಬೇರ್ಪಡಿಸಿ ನೋಡಲು ಬರುತ್ತದೆ. ಒಂದೇ ಪ್ಲಗ್ ವಯಸ್ಸಿನ ಗಾಡಿಗಳ ನಡುವೆಯೂ ವ್ಯತ್ಯಾಸ ಉಳಿದರೆ ಮೇಲಿನ ನನ್ನ ತೀರ್ಮಾನವನ್ನು ತಿದ್ದಬೇಕಾಗುತ್ತದೆ, ಉಳಿಯದಿದ್ದರೆ ಮಾಲೀಕರು ಪಂಪು ಬದಲಿಸುವ ಮೊದಲು ಪ್ಲಗ್ ಬಿಚ್ಚಿ ಅಂತರ ಅಳೆಯಬೇಕಾಗುತ್ತದೆ.